ಡಿಸ್ಚಾರ್ಜ್ ಸಮರಿಯಲ್ಲಿ ಆ ಫಂಗಸ್ ಹೆಸರು ಬರೆಯಿರಿ

ರೋಣ ಇರಲಿ, ಹಾನಗಲ್ಲ ಇರಲಿ, ರಾಣೆಬೆನ್ನೂರ ಇರಲಿ, ಕಾಯಿಲೆ ಕೈಮೀರಿದರೆ ನಮ್ಮ ಕಡೆ ಬರೋ ಮೊದಲ ಮಾತು "ಹುಬ್ಬಳ್ಳಿಗೆ ಒಯ್ರಿ". ಇಲ್ಲಿ ವಾರಗಟ್ಟಲೆ ಐಸಿಯುದಲ್ಲಿದ್ದು, ಸ್ವಲ್ಪ ಚೇತರಿಸಿಕೊಂಡ ಮೇಲೆ ಊರ ಹತ್ತಿರದ ಆಸ್ಪತ್ರೆಗೆ ವಾಪಸ್. ಜೊತೆಗೆ ಫೈಲೂ ಹೋಗುತ್ತದೆ. ಅದರಲ್ಲಿರೋ ಡಿಸ್ಚಾರ್ಜ್ ಸಮರಿಯಲ್ಲಿ ಬ್ಲಡ್ ಕಲ್ಚರ್ (ರಕ್ತದಲ್ಲಿ ಯಾವ ರೋಗಾಣು ಬೆಳೆಯುತ್ತದೆ ಅಂತ ನೋಡೋ ಪರೀಕ್ಷೆ) ಮುಂದೆ ಬರೀ "ಈಸ್ಟ್", ಅಂದರೆ ಒಂದು ಬಗೆಯ ಫಂಗಸ್, ಅಂತ ಇದ್ದರೆ ಲ್ಯಾಬ್‌ನಲ್ಲಿ ಕೆಲಸ ಮಾಡುವ ನನಗೆ ಸಿಟ್ಟು ಬರುತ್ತದೆ. ಯಾವ ಈಸ್ಟ್?

ಕ್ಯಾಂಡಿಡಾ ಅನ್ನೋ ಈಸ್ಟ್ ನಮ್ಮ ಕರುಳಲ್ಲಿ, ಚರ್ಮದ ಮೇಲೆ ಸುಮ್ನೆ ಇರುತ್ತದೆ. ಜಾಸ್ತಿ ದಿನ ಆಂಟಿಬಯೋಟಿಕ್ ಕೊಟ್ಟಾಗ, ಕುತ್ತಿಗೆಗೆ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕೋ ನಳಿಕೆ) ಹಾಕಿದಾಗ ಅದಕ್ಕೆ ರಕ್ತದ ದಾರಿ ಸಿಗುತ್ತದೆ. ಶುಗರ್ ಇದ್ದವರಿಗೆ, ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಅಪಾಯ ಇನ್ನೂ ಹೆಚ್ಚು. ಜ್ವರ ಇಳಿಯುವುದಿಲ್ಲ. ಬ್ಯಾಕ್ಟೀರಿಯಾ ಇರಬೇಕು ಅಂತ ಆಂಟಿಬಯೋಟಿಕ್ ಬದಲಾಗುತ್ತಲೇ ಇರುತ್ತದೆ.

ಫಂಗಸ್ ಜೀವಕೋಶ ನಮ್ಮ ಜೀವಕೋಶವನ್ನೇ ಬಹಳ ಹೋಲುತ್ತದೆ. ಅದನ್ನು ಕೊಂದು ನಮ್ಮನ್ನು ಉಳಿಸೋ ಔಷಧಿ ಮಾಡುವುದು ಕಷ್ಟ. ಹಾಗಾಗಿ ರಕ್ತದ ಸೋಂಕಿಗೆ ಇರುವುದು ಮುಖ್ಯವಾಗಿ ಮೂರೇ ಗುಂಪು. ಅಗ್ಗದ ಫ್ಲುಕೊನಜೋಲ್ ಇರುವ ಅಜೋಲ್ ಗುಂಪು. 2021ರಲ್ಲಿ ಬ್ಲ್ಯಾಕ್ ಫಂಗಸ್ ಬಂದಾಗ ಎಲ್ಲರೂ ಹುಡುಕಾಡಿದ, ಕಿಡ್ನಿಗೆ ಪೆಟ್ಟು ಕೊಡೋ ಆಂಫೊಟೆರಿಸಿನ್. ಮತ್ತೆ ದುಬಾರಿ ಎಕೈನೊಕ್ಯಾಂಡಿನ್.

ಈಗ ಹೆಸರಿನ ವಿಷಯ. ಕ್ಯಾಂಡಿಡಾದಲ್ಲೇ ಬೇರೆ ಬೇರೆ ಜಾತಿಗಳಿವೆ. ಕ್ಯಾಂಡಿಡಾ ಕ್ರುಸೈ ಆದರೆ ಫ್ಲುಕೊನಜೋಲ್ ಹುಟ್ಟಿನಿಂದಲೇ ನಾಟುವುದಿಲ್ಲ. ಕ್ಯಾಂಡಿಡಾ ಆರಿಸ್ ಆದರೆ ಇನ್ನೂ ಕಷ್ಟ. 2009ರಲ್ಲಿ ಜಪಾನಿನಲ್ಲಿ ಒಬ್ಬ ರೋಗಿಯ ಕಿವಿಯಲ್ಲಿ ಸಿಕ್ಕಿದ್ದು ಅಂತ ವರದಿಯಾದ ಈ ಈಸ್ಟ್, 2013ರ ಹೊತ್ತಿಗೆ ನಮ್ಮ ದೇಶದ ಆಸ್ಪತ್ರೆಗಳಿಂದಲೂ ವರದಿಯಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅತಿ ಅಪಾಯದ ಫಂಗಸ್‌ಗಳ ಸಾಲಿಗೆ ಸೇರಿಸಿತು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಲೆಕ್ಕದಲ್ಲಿ ಅಲ್ಲಿನ ಮಾದರಿಗಳಲ್ಲಿ ಸುಮಾರು 90% ಫ್ಲುಕೊನಜೋಲ್‌ಗೆ, 30% ಆಂಫೊಟೆರಿಸಿನ್‌ಗೆ ಬಗ್ಗುವುದಿಲ್ಲ. ಲ್ಯಾಬ್‌ನ ಹಳೆಯ ಪದ್ಧತಿಗಳು ಇದನ್ನು ಬೇರೆ ಕ್ಯಾಂಡಿಡಾ ಅಂತ ತಪ್ಪಾಗಿ ಗುರುತಿಸುವುದೂ ಉಂಟು. ರೋಗಾಣುವಿನ ಜಾತಿಯನ್ನು ಸರಿಯಾಗಿ ಗುರುತಿಸೋ ಮಾಲ್ಡಿ-ಟಾಫ್ ಯಂತ್ರ ಬೇಕು. ಎಲ್ಲ ಕಡೆ ಇರಲೇಬೇಕು ಅಂತ ನಾನು ಹೇಳುತ್ತಿಲ್ಲ. ಬೆಳೆದ ಈಸ್ಟನ್ನು ಎಸೆಯದೆ, ಆ ಸೌಲಭ್ಯ ಇರೋ ದೊಡ್ಡ ಲ್ಯಾಬ್‌ಗೆ ಕಳಿಸಬಹುದು ಅಲ್ವಾ?

ರೋಗಿ ಗುಣವಾದರೂ ಆರಿಸ್ ಚರ್ಮದ ಮೇಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಮಂಚದ ಕಂಬಿ, ಬಿಪಿ ಪಟ್ಟಿ, ಅಲ್ಲಿಂದ ಪಕ್ಕದ ಬೆಡ್. ಆಸ್ಪತ್ರೆಗಳಲ್ಲಿ ಬಳಸೋ ಕೆಲವು ಸಾಮಾನ್ಯ ಕ್ಲೀನರ್‌ಗಳಿಗೆ ಇದು ಸರಿಯಾಗಿ ಸಾಯುವುದಿಲ್ಲ, ಕ್ಲೋರಿನ್ ಬೇಕು. ಮುಂದಿನ ಆಸ್ಪತ್ರೆಯ ಸಿಸ್ಟರ್‌ಗೆ, ನೆಲ ಒರೆಸೋ ಅಕ್ಕನಿಗೆ ಇದು ಗೊತ್ತಾಗಬೇಕಾದರೆ ಫೈಲಿನಲ್ಲಿ ಹೆಸರು ಇರಲೇಬೇಕು.

"ಹೆಸರು ಬರೆದರೆ ಅಲ್ಲಿ ಬೆಡ್ ಕೊಡೋದಿಲ್ಲ" ಅಂತ ಮನೆಯವರು ಅಂಜುತ್ತಾರೆ. ಆ ಅಂಜಿಕೆ ಸುಳ್ಳಲ್ಲ. ಆದರೆ ಹೆಸರು ಮುಚ್ಚಿಟ್ಟರೆ ಮತ್ತೆ ಜ್ವರ ಬಂದಾಗ ಅದೇ ರೋಗಿಗೆ ನಾಟದ ಔಷಧಿ ಸಿಗುತ್ತದೆ. ಬೆಡ್ ನಿರಾಕರಿಸುವುದು ತಪ್ಪು, ಅದನ್ನು ಜಿಲ್ಲಾ ಆರೋಗ್ಯ ಅಧಿಕಾರಿಗಳು ತಡೆಯಬೇಕು. ಬೇರೆ ರೂಮು, ಕೈ ತೊಳೆಯುವುದು, ಗ್ಲೌಸ್, ಕ್ಲೋರಿನ್, ಇಷ್ಟನ್ನು ನಮ್ಮ ಜಿಲ್ಲಾ ಆಸ್ಪತ್ರೆಗಳೂ ಮಾಡಬಲ್ಲವು. ಜೊತೆಗಿರುವ ಆರೋಗ್ಯವಂತರಿಗೆ ಇದರಿಂದ ಅಪಾಯ ತುಂಬಾ ಕಡಿಮೆ.

ಇದನ್ನು ಓದುತ್ತಿರುವ ಡಾಕ್ಟರ್‌ಗಳೇ, ಸಮರಿಯಲ್ಲಿ ಮೂರು ವಿಷಯ ಬರೆಯಿರಿ: ಈಸ್ಟ್‌ನ ಪೂರ್ತಿ ಹೆಸರು, ಯಾವ ಔಷಧಿ ನಾಟುತ್ತದೆ, ಕೊನೆಯ ಕಲ್ಚರ್ ಯಾವತ್ತು ನೆಗೆಟಿವ್ ಬಂತು. ಮನೆಯವರೇ, ಬರೆದಿಲ್ಲ ಅಂದರೆ ಬಿಲ್ ಕಟ್ಟುವ ಮೊದಲು ಕೇಳಿ ಬರೆಸಿಕೊಳ್ಳಿ.