ಸತ್ಯಾಂಶ: ಗಿಡ ನೆಡೋಕೆ ಡಿಗ್ರಿ ಬೇಕಾ?

‘ಗಿಡ ನೆಡೋಕೆ, ಕಾಡಿಗೆ ಬೇಲಿ ಹಾಕೋಕೆ ಡಿಗ್ರಿ ಯಾಕೆ? ಲೆಕ್ಕ ಬಾರದವರ ಕೋರ್ಸ್ ಅದು.’ ನೈಸರ್ಗಿಕ ಸಂಪನ್ಮೂಲ ಸಂರಕ್ಷಣೆಯ ಓದಿನ ಬಗ್ಗೆ ಇಂಥ ಫಾರ್ವರ್ಡ್ ಮೆಸೇಜ್ ಓಡಾಡುತ್ತಿದೆ. ಅದು ತಪ್ಪು.

ಲೆಕ್ಕದ ಮಾತೇ ಮೊದಲು ನೋಡೋಣ. ಮರ ಅಳೆಯೋದಕ್ಕೂ ಕ್ರಮ ಇದೆ. ನೆಲದಿಂದ ಸುಮಾರು 1.3 ಮೀಟರ್ ಎತ್ತರದಲ್ಲಿ, ಅಂದರೆ ಎದೆಮಟ್ಟದಲ್ಲಿ, ಕಾಂಡಕ್ಕೆ ಟೇಪ್ ಸುತ್ತುತ್ತಾರೆ. ಇಳಿಜಾರಾದರೆ ಮೇಲಿನ ಬದಿಯ ನೆಲದಿಂದ ಎತ್ತರ ಲೆಕ್ಕ ಹಾಕಬೇಕು. ಬಂದ ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ. ಹೀಗೆ ಅಲ್ಲಲ್ಲಿ ಕೆಲವು ತುಂಡು ಜಾಗ ಅಳೆದು ಇಡೀ ಕಾಡಿನ ಮರಗಳನ್ನು ಅಂದಾಜು ಮಾಡುತ್ತಾರೆ. ಇದು ಸಂಖ್ಯಾಶಾಸ್ತ್ರ ಅಲ್ವಾ? ಸಾಕಷ್ಟು ತಲೆ ತಿನ್ನುವ ಪಾಠವೇ.

ಮಣ್ಣಿನ ಪಾಠದಲ್ಲಿ ಕೈ ಕೊಳೆಯಾಗುತ್ತದೆ. ಒದ್ದೆ ಮಣ್ಣನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತುತ್ತಾ ರಿಬ್ಬನ್ನಿನಂಥ ಪಟ್ಟಿ ಮಾಡುತ್ತಾರೆ. ಪಟ್ಟಿ ಮುರಿಯದೆ ಉದ್ದ ಬಂದಷ್ಟೂ ಜೇಡಿ ಜಾಸ್ತಿ. ಜೊತೆಗೆ ನೀರು, ವನ್ಯಜೀವಿ, ಉಪಗ್ರಹ ಚಿತ್ರ, ಕಾನೂನು ಎಲ್ಲವೂ ಇರುತ್ತವೆ.

ಗಿಡ ನೆಡೋದು? ಎಲ್ಲಿ ನೆಡಬಾರದು ಅನ್ನೋದೂ ಕಲಿಯಬೇಕು. ಸಹಜ ಹುಲ್ಲುಗಾವಲಿನಲ್ಲಿ ಸುಮ್ನೆ ಮರ ತುಂಬಿದರೆ ಅಲ್ಲಿನ ಹುಲ್ಲಿಗೂ ಹಕ್ಕಿಗೂ ನೆಲೆ ತಪ್ಪುತ್ತದೆ. ತೊರೆಯ ನೀರೂ ಕಡಿಮೆಯಾಗಬಹುದು.

ಬೇಲಿಯೂ ಎಲ್ಲದಕ್ಕೂ ಮದ್ದಲ್ಲ. ಕಾಡು, ಮೀನು, ನೀರಾವರಿಯನ್ನು ಜನರೇ ಸೇರಿ ನಿಯಮ ಮಾಡಿಕೊಂಡು ಉಳಿಸಿಕೊಳ್ಳಬಲ್ಲರು ಎಂದು ಅಮೆರಿಕದ ಸಂಶೋಧಕಿ ಎಲಿನೋರ್ ಆಸ್ಟ್ರಮ್ ತೋರಿಸಿದರು. ಅದಕ್ಕೇ 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.