ಗಾಳಿ ಕೆಟ್ಟರೆ ವಿದೇಶಿ ಪ್ರವಾಸಿಗರು ಮೈಸೂರಿಗೆ ಬರೋದು ಬಿಡ್ತಾರಾ?

ಪರ

ಬಿಡುತ್ತಾರೆ. ಒಂದೇ ದಿನಕ್ಕಲ್ಲ, ನಿಧಾನವಾಗಿ. ದೆಹಲಿಯನ್ನೇ ನೋಡಿ. 2017ರ ನವೆಂಬರಿನಲ್ಲಿ ಅಲ್ಲಿ ಹೊಗೆ ಎಷ್ಟು ದಟ್ಟವಾಗಿತ್ತೆಂದರೆ, ಯುನೈಟೆಡ್ ಏರ್‌ಲೈನ್ಸ್ ಅಮೆರಿಕದ ನ್ಯೂವಾರ್ಕ್‌ನಿಂದ ದೆಹಲಿಗೆ ಬರುವ ವಿಮಾನವನ್ನೇ ಕೆಲವು ದಿನ ನಿಲ್ಲಿಸಿತು. ಮುಂದಿನ ತಿಂಗಳು ಶ್ರೀಲಂಕಾದ ಕ್ರಿಕೆಟಿಗರು ಮಾಸ್ಕ್ ಹಾಕಿಕೊಂಡು ಟೆಸ್ಟ್ ಆಡಿದರು. ಎಲ್ಲೋ ದೂರದಲ್ಲಿ ಕೂತು ಆ ಫೋಟೊ ನೋಡಿದವರಿಗೆ ದೆಹಲಿ ಬೇರೆ, ಮೈಸೂರು ಬೇರೆ ಅಂತ ಹೊಳೆಯುತ್ತಾ?

ಮೈಸೂರಿಗೆ ಈ ಪೆಟ್ಟು ಜಾಸ್ತಿ. ಇಲ್ಲಿಗೆ ಬರುವ ವಿದೇಶಿಯರೆಲ್ಲ ಅರಮನೆ ನೋಡಿ ಸಂಜೆಗೆ ಹೊರಡುವವರಲ್ಲ. ಪಟ್ಟಾಭಿ ಜೋಯಿಸರು ಬೆಳೆಸಿದ ಅಷ್ಟಾಂಗ ಯೋಗ ಕಲಿಯೋಕೆ ಇಲ್ಲಿನ ಗೋಕುಲಂ ಬಡಾವಣೆಗೆ ಬರುವವರು ತಿಂಗಳುಗಟ್ಟಲೆ ಮನೆ ಬಾಡಿಗೆಗೆ ಹಿಡಿದು ಇರುತ್ತಾರೆ. ಬೆಳಗಾಗುವ ಮೊದಲೇ ಎದ್ದು, ಉಸಿರಿನ ಮೇಲೆ ಗಮನವಿಟ್ಟು ಅಭ್ಯಾಸ ಮಾಡುತ್ತಾರೆ. ಮುಗಿಸಿ ಎಳನೀರು ಕುಡಿಯೋಕೆ ಹೊರಗೆ ಬಂದರೆ ಬೀದಿ ಮೂಲೆಯಲ್ಲಿ ತರಗೆಲೆ ರಾಶಿ ಹೊಗೆಯಾಡುತ್ತಿರುತ್ತದೆ. ಅದರೊಳಗೆ ಹಾಲಿನ ಪ್ಯಾಕೆಟ್ಟು, ಪ್ಲಾಸ್ಟಿಕ್ ಕವರು. ಆ ಘಾಟು ಕುಡಿದವರು ಊರಿಗೆ ಹೋಗಿ ಗೆಳೆಯರಿಗೆ ಏನು ಹೇಳಬೇಕು?

ಇನ್ನೊಂದು ಲೆಕ್ಕವಿದೆ. ಪಿಎಂ 2.5 ಎಂಬ ಸಣ್ಣ ದೂಳಿನ ಕಣಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ವರ್ಷದ ಮಿತಿ, ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೊಗ್ರಾಂ. ನಮ್ಮ ದೇಶದ ಮಿತಿ 40. ನಮ್ಮಲ್ಲಿ ಪಾಸಾದ ಗಾಳಿ ಆ ಲೆಕ್ಕದಲ್ಲಿ ಎಂಟು ಪಟ್ಟು ಕೆಟ್ಟದ್ದಿರಬಹುದು. ಉಬ್ಬಸ ಇರುವ ಮಗುವನ್ನು ಕರೆದುಕೊಂಡು ಹೊರಟ ಅಪ್ಪ ಅಮ್ಮ ಇದನ್ನು ನೋಡದೆ ಟಿಕೆಟ್ ಮಾಡಿಸುವುದಿಲ್ಲ.

ವಿರೋಧ

ಬರುವವರು ಬಂದೇ ಬರುತ್ತಾರೆ. ಉತ್ತರ ಭಾರತದಲ್ಲಿ ಗಾಳಿ ತೀರಾ ಕೆಡುವುದು ಚಳಿಗಾಲದಲ್ಲಿ. ವಿದೇಶಿಯರು ಜಾಸ್ತಿ ಬರುವುದೂ ಆಗಲೇ. ತಾಜ್ ಮಹಲಿನ ಅಮೃತಶಿಲೆ ಹಳದಿಗೆ ತಿರುಗಿ, ಮಣ್ಣಿನ ಲೇಪ ಹಚ್ಚಿ ತೊಳೆಯುವ ಹಾಗಾಯಿತು. ಆದರೂ ಅವರು ಮುಗಿಬೀಳುವುದು ಅಲ್ಲಿಗೇ. ಮೈಸೂರಿನ ತೊಡಕು ಬೇರೆ. ಇಲ್ಲಿನ ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ಹೊರದೇಶದ ವಿಮಾನವೇ ಇಳಿಯುವುದಿಲ್ಲ.

ನನ್ನ ತಕರಾರು ಇರುವುದು ಈ ಪ್ರಶ್ನೆಯ ಮೇಲೇ. ವಿದೇಶಿಯರು ಬರಲಿ ಅಂತ ಗಾಳಿ ಸರಿಮಾಡಲು ಹೊರಟರೆ ಅವರು ಓಡಾಡುವ ನಾಲ್ಕು ಬೀದಿ ಸರಿಯಾದೀತು, ಅಷ್ಟೇ. ಅರಮನೆ ಎದುರಿನ ಪಾರ್ಕಿಂಗಿನಲ್ಲಿ ಟೂರಿಸ್ಟ್ ಬಸ್ಸುಗಳು ಎಸಿ ಓಡಲಿ ಅಂತ ಎಂಜಿನ್ ಆಫ್ ಮಾಡದೆ ನಿಂತಿರುತ್ತವೆ. ಪ್ರವಾಸಿಗರು ಎರಡು ಗಂಟೆ ಇದ್ದು ಹೋಗುತ್ತಾರೆ. ಟಾಂಗಾದವರು, ಕೊಳಲು ಮಾರುವವರು ದಿನವಿಡೀ ಅದೇ ಹೊಗೆಯಲ್ಲಿ ನಿಲ್ಲಬೇಕು. ಅವರ ಕೆಮ್ಮು ಯಾವ ಪ್ರವಾಸೋದ್ಯಮದ ಲೆಕ್ಕಕ್ಕೂ ಬರುವುದಿಲ್ಲ, ಅಲ್ವಾ?

ಮಂಡ್ಯದ ಕಡೆ ಹೋಗಿ. ಕಬ್ಬಿನ ಸಿಪ್ಪೆ ಸಾಲದು ಅಂತ ಕೆಲವು ಆಲೆಮನೆಗಳಲ್ಲಿ ಹಳೇ ಟೈರು, ಪ್ಲಾಸ್ಟಿಕ್ಕನ್ನೂ ಒಲೆಗೆ ತುರುಕುತ್ತಾರೆ. ಅಲ್ಲಿಗೆ ಯಾವ ವಿದೇಶಿ ಪ್ರವಾಸಿಯೂ ಬರುವುದಿಲ್ಲ. ಹಾಗಂತ ಒಲೆ ಮುಂದೆ ಕೂತವರ ಎದೆಗೆ ಆ ಕಪ್ಪು ಹೊಗೆ ಹೋಗದೆ ಇರುತ್ತಾ? ಮೊದಲು ಟೈರು ಹೊತ್ತು ಬರುವ ಲಾರಿಯನ್ನು ತಡೆಯಬೇಕು. ಆಲೆಮನೆಯವರಿಗೆ ಕೈಗೆಟುಕುವ ಬೆಲೆಯಲ್ಲಿ ಸೌದೆ ಸಿಗುವಂತೆ ಮಾಡಬೇಕು. ಬಸ್ಸು ನಿಂತ ಕೂಡಲೇ ಎಂಜಿನ್ ಆಫ್ ಮಾಡಿಸಬೇಕು. ಇಷ್ಟಕ್ಕೆ ಅರಮನೆಯ ಟಿಕೆಟ್ ಲೆಕ್ಕ ನೋಡಬೇಕಾಗಿಲ್ಲ.