ಎಲೆಗಿಟ್ಟ ಹೆಸರು ಇಡೀ ಗಿಡದ್ದಲ್ಲ
ಕಲ್ಲಿದ್ದಲು ಯುಗದ ಎಲೆ ಪಳೆಯುಳಿಕೆಗಳ ಬಗ್ಗೆ ನೀವು ಬರೆದ ಲೇಖನ ಅವನ್ನೆಲ್ಲ ‘ಜರೀಗಿಡ’ ಎಂದು ಒಟ್ಟಿಗೆ ಸೇರಿಸಿದ್ದು ಸರಿಯಲ್ಲ. ಪೆಕಾಪ್ಟೆರಿಸ್, ನ್ಯೂರಾಪ್ಟೆರಿಸ್, ಅಲೆಥಾಪ್ಟೆರಿಸ್ ಮೂರೂ ಎಲೆಯ ಆಕಾರ ನೋಡಿ ಇಟ್ಟ ಹೆಸರುಗಳು. ಲೆನ್ಸ್ ಹಿಡಿದು ಕಿರುಎಲೆಯ ಬುಡ ನೋಡಿ. ಬುಡದ ಪೂರ್ತಿ ಅಗಲ ದಂಟಿಗೆ ಕೂಡಿದ್ದು ಅಂಚುಗಳು ಹೆಚ್ಚುಕಡಿಮೆ ಸಮಾಂತರವಾಗಿದ್ದರೆ ಪೆಕಾಪ್ಟೆರಿಸ್. ಬುಡ ಕಿರಿದಾಗಿ ಒಂದೇ ಬಿಂದುವಿನಲ್ಲಿ ಅಂಟಿದ್ದರೆ ನ್ಯೂರಾಪ್ಟೆರಿಸ್. ದಂಟಿನ ಮೇಲೆ ಕೆಳಕ್ಕೆ ಹರಿದಂತಿದ್ದರೆ ಅಲೆಥಾಪ್ಟೆರಿಸ್. ಮುರಿದ ತುಣುಕಿನಲ್ಲಿ ಬುಡವೇ ಇಲ್ಲದಿದ್ದರೆ ಹೆಸರಿಡಲು ಹೋಗಬೇಡಿ.

ಇಷ್ಟಾದರೂ ಇಡೀ ಗಿಡ ಯಾವ ಗುಂಪಿನದೆಂದು ಗೊತ್ತಾಗದು. ಅದಕ್ಕೆ ಎಲೆಬೆನ್ನಿನ ಬೀಜಕಕೋಶವೋ (ಜರೀಗಿಡದ ಬೀಜಕಗಳಿರುವ ಚೀಲ) ಬೀಜವೋ ಸಿಗಬೇಕು; ಜರೀಗಿಡ ಬೀಜ ಬಿಡುವುದಿಲ್ಲ. 1903ರಲ್ಲಿ ಸಸ್ಯವಿಜ್ಞಾನಿಗಳಾದ ಆಲಿವರ್ ಮತ್ತು ಸ್ಕಾಟ್, ಲ್ಯಾಜಿನೊಸ್ಟೋಮಾ ಎಂಬ ಪಳೆಯುಳಿಕೆ ಬೀಜವನ್ನು ಸುತ್ತಿದ ಬಟ್ಟಲಿನಂಥ ಹೊದಿಕೆಯ ಮೇಲಿದ್ದಂಥವೇ ಗ್ರಂಥಿಗಳು ಜರೀಗಿಡದಂಥ ಎಲೆಯ ಲಿಜಿನೊಡೆಂಡ್ರಾನ್ ಗಿಡದ ಮೇಲೂ ಇರುವುದನ್ನು ಗುರುತಿಸಿ, ಎರಡೂ ಒಂದೇ ಗಿಡದ ಭಾಗ ಎಂದರು. ಎಂಥ ಸೂಕ್ಷ್ಮ ನೋಟ! ಹಾಗಾಗಿ ಲೇಖನದ ಚಿತ್ರದಡಿ ‘ಪೆಕಾಪ್ಟೆರಿಸ್ ಬಗೆಯ ಎಲೆ’ ಎಂದಷ್ಟೇ ಬರೆದರೆ ಸಾಕು.